ಬಿಭಾ ನಕ್ಷತ್ರವನ್ನು ಹುಡುಕಿ, ಅಳೆದು ನೋಡುವ ಬಗೆ

2019ರ ಡಿಸೆಂಬರಿನಲ್ಲಿ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ‘ಬಿಭಾ’ ಎಂಬ ಹೆಸರು ಬಂತು. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ನೂರನೇ ವರ್ಷದಲ್ಲಿ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದರ ಒಂದು ಗ್ರಹ ಕೊಟ್ಟು ಹೆಸರಿಡಲು ಹೇಳಿತ್ತು. ಭಾರತದ ಪಾಲಿಗೆ ಬಂದದ್ದು ಇದು. ಸೂರತ್‌ನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನಕ್ಷತ್ರಕ್ಕೆ ಬಿಭಾ ಎಂಬ ಹೆಸರನ್ನೂ, ಪುಣೆಯ 13 ವರ್ಷದ ಬಾಲಕನೊಬ್ಬ ಗ್ರಹಕ್ಕೆ ಸಂತಮಸ ಎಂಬ ಹೆಸರನ್ನೂ ಸೂಚಿಸಿದ್ದರು.

ಆಗ ಪತ್ರಿಕೆಗಳಲ್ಲಿ ಬಂದ ಅಂಕಿಗಳು ಇವು: ದೂರ 340 ಜ್ಯೋತಿರ್ವರ್ಷ, ಮೇಲ್ಮೈ ತಾಪ ಸುಮಾರು 6000 ಕೆಲ್ವಿನ್, ಗಾತ್ರ (ತ್ರಿಜ್ಯ) ಸೂರ್ಯನ 1.55 ಪಟ್ಟು, ರಾಶಿ (ದ್ರವ್ಯರಾಶಿ) 1.21 ಪಟ್ಟು, ಹೊಳಪು 1.75 ಪಟ್ಟು, ವಯಸ್ಸು 621 ಕೋಟಿ ವರ್ಷ. ಓದಿ ಮುಂದೆ ಹೋಗುವುದು ಸುಲಭ. ಆದರೆ ನಕ್ಷತ್ರದ ಗುಣಗಳು ಬಿಡಿಬಿಡಿ ಅಂಕಿಗಳಲ್ಲ. ದೂರ ಗೊತ್ತಾದರೆ ನಿಜವಾದ ಹೊಳಪು ಗೊತ್ತಾಗುತ್ತದೆ, ಹೊಳಪಿನ ಜೊತೆ ತಾಪ ಸೇರಿದರೆ ಗಾತ್ರ ತಾನಾಗಿ ನಿಗದಿಯಾಗುತ್ತದೆ. ಒಂದನ್ನು ಎಳೆದರೆ ಉಳಿದವೂ ಜಗ್ಗುತ್ತವೆ. ಹಾಗೆ ಎಳೆದು ನೋಡಿದರೆ ಈ ಪಟ್ಟಿಯಲ್ಲಿ ಒಂದು ಅಂಕಿ ಉಳಿದವುಗಳ ಜೊತೆ ಕೂಡುವುದಿಲ್ಲ. ಅದು ಯಾವುದು ಎಂದು ನೀವೇ ಪತ್ತೆ ಮಾಡಬಹುದು. ಎರಡನೇ ಪಿಯು ಭೌತಶಾಸ್ತ್ರ, ಒಂದು ಕ್ಲಾರ್ಕ್ಸ್ ಲಾಗ್ ಟೇಬಲ್ ಅಥವಾ ಲಾಗ್ ಗುಂಡಿ ಇರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಕೋಲಾರದ ಕಡೆ ಪಿಯು ಮಕ್ಕಳಿಗೆ ಪಾಠ ಹೇಳುವ ನಾನು ಪ್ರತಿ ವರ್ಷ ಬೇಸಿಗೆ ರಜೆಗೆ ಮುಂಚೆ ಅವರಿಂದ ಇದನ್ನು ಮಾಡಿಸುತ್ತೇನೆ.

ಮೊದಲು ಕಣ್ಣಿಂದ ನೋಡಿ

ಲೆಕ್ಕಕ್ಕೆ ಮುಂಚೆ ನಕ್ಷತ್ರವನ್ನು ನೋಡಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ನೋಡದ ವಸ್ತುವಿನ ಲೆಕ್ಕ ಮಕ್ಕಳಿಗೆ ಪರೀಕ್ಷೆಯ ಪ್ರಶ್ನೆಯಾಗಿಯೇ ಉಳಿದುಬಿಡುತ್ತದೆ.

ಬಿಭಾ ಇರುವುದು ಸಿಂಹ ರಾಶಿಗೆ ದಕ್ಷಿಣದಲ್ಲಿ, ಸೆಕ್ಸ್‌ಟನ್ಸ್ ಎಂಬ ಮಂಕು ಪುಂಜದಲ್ಲಿ. 17ನೇ ಶತಮಾನದ ಖಗೋಳಜ್ಞ ಯೊಹಾನ್ನೆಸ್ ಹೆವೇಲಿಯಸ್ ಬೆಂಕಿಯಲ್ಲಿ ಕಳೆದುಕೊಂಡ, ಕೋನ ಅಳೆಯುವ ತನ್ನ ಸೆಕ್ಸ್‌ಟಂಟ್ ಉಪಕರಣದ ನೆನಪಿಗೆ ರೂಪಿಸಿದ ಪುಂಜ ಅದು. ಅಲ್ಲಿನ ಅತಿ ಪ್ರಕಾಶಮಾನ ನಕ್ಷತ್ರದ ಕಾಂತಿಮಾನವೇ 4.5. ಕಾಂತಿಮಾನ ಎಂದರೆ ಕಾಣುವ ಹೊಳಪಿನ ಅಳತೆ, ಅದರಲ್ಲಿ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಹಾಗಾಗಿ ಊರ ದೀಪಗಳ ನಡುವೆ ನಿಂತರೆ ಆ ಜಾಗ ಬರಿದಾಗಿ ಕಾಣುತ್ತದೆ. ಮಾರ್ಚ್ ಮೂರನೇ ವಾರ ರಾತ್ರಿ ಹತ್ತೂವರೆಗೆ, ಏಪ್ರಿಲ್ ಮೊದಲ ವಾರ ಒಂಬತ್ತೂವರೆಗೆ, ಏಪ್ರಿಲ್ ಮೂರನೇ ವಾರ ಎಂಟೂವರೆಗೆ ಅದು ಸರಿಯಾಗಿ ದಕ್ಷಿಣಕ್ಕೆ, ಆಕಾಶದ ಅತಿ ಎತ್ತರಕ್ಕೆ ಬಂದಿರುತ್ತದೆ. ಅಮಾವಾಸ್ಯೆಯ ಆಚೀಚೆ ದಿನಗಳನ್ನು ಆರಿಸಿಕೊಳ್ಳಿ. ನಾವು ಹೋಗುವುದು ಬೇತಮಂಗಲದ ಕೆರೆ ಏರಿಗೆ. ಬೆಂಗಳೂರಿನ ಬೆಳಕು ಪಶ್ಚಿಮದ ಅಂಚನ್ನು ಕೆಡಿಸಿದ್ದರೂ ನೆತ್ತಿಯ ಆಕಾಶ ಅಲ್ಲಿ ಇನ್ನೂ ಚೆನ್ನಾಗಿದೆ. ಟಾರ್ಚಿಗೆ ಕೆಂಪು ಜೆಲಟಿನ್ ಹಾಳೆ ಸುತ್ತಿ. ಮೊಬೈಲನ್ನು ಜೇಬಲ್ಲೇ ಬಿಡಿ, ಒಂದು ಸಲ ಅದರ ಪರದೆ ನೋಡಿದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು.

ಚಾಪೆ ಹಾಸಿ, ಕಾಲು ದಕ್ಷಿಣಕ್ಕೆ ಮಾಡಿ ಮಲಗಿ. ಹೇಳಿದ ಹೊತ್ತಿಗಿಂತ ಸ್ವಲ್ಪ ಆಚೆ, ಕೋಲಾರದಿಂದ ನೋಡಿದರೆ ಮಘಾ ನಕ್ಷತ್ರ ಹೆಚ್ಚು ಕಡಿಮೆ ನಡುನೆತ್ತಿಯಲ್ಲೇ ಇರುತ್ತದೆ. ಸಿಂಹದ ತಲೆಯ ಕುಡುಗೋಲಿನ ಹಿಡಿಯ ತುದಿ ಅದು, ತಪ್ಪುವ ಹಾಗಿಲ್ಲ. ಅಲ್ಲಿಂದ ಕಾಲಿನ ಕಡೆಗೆ 12 ಡಿಗ್ರಿ ಇಳಿದರೆ ಆಲ್ಫಾ ಸೆಕ್ಸ್‌ಟಾಂಟಿಸ್. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಆ ಅಳತೆಯಲ್ಲಿ ಇಳಿಯಿರಿ. ಈಗ ಬಲಕ್ಕೆ, ಅಂದರೆ ಪಶ್ಚಿಮಕ್ಕೆ, ಇನ್ನೂ ಕೆಳಗೆ ಒಂಟಿಯಾಗಿ ಕೆಂಪಗೆ ಹೊಳೆಯುವ ಆಲ್ಫಾರ್ಡ್ ಕಾಣುತ್ತದೆ. ಅದರಿಂದ ಎಡಕ್ಕೆ 6 ಡಿಗ್ರಿಯಲ್ಲಿ ಗಾಮಾ ಸೆಕ್ಸ್‌ಟಾಂಟಿಸ್, ಕಾಂತಿಮಾನ 5. ಆಲ್ಫಾ ಮತ್ತು ಗಾಮಾ ನಡುವೆ ಒಂದು ಗೆರೆ ಎಳೆದು, ಅದರ ನಟ್ಟನಡುವಿನಿಂದ ಒಂದು ಡಿಗ್ರಿ ಬಲಕ್ಕೆ ಸರಿದರೆ ಬಿಭಾ.

ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅದರ ಕಾಂತಿಮಾನ 8.73. ಕಣ್ಣಿನ ಮಿತಿ ಸುಮಾರು 6. ಲೆಕ್ಕ ಹಾಕಿದರೆ ಬಿಭಾ ಆ ಮಿತಿಗಿಂತಲೂ ಹನ್ನೆರಡು ಪಟ್ಟು ಮಂಕು. 10x50 ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಬಿಗಿದು, ಗಾಮಾವನ್ನು ನೋಟದ ಕೆಳ ಅಂಚಿಗೆ ತನ್ನಿ. ಆಗ ಬಿಭಾ ನಡುವಿಗಿಂತ ಸ್ವಲ್ಪ ಮೇಲೆ, ಒಂದಿಷ್ಟು ಎಡಕ್ಕೆ ಬೀಳುತ್ತದೆ. ಕೈಯಲ್ಲಿ ಹಿಡಿದರೆ ನಡುಗುವ ನೋಟದಲ್ಲಿ ಇಷ್ಟು ಮಂಕಾದ ಚುಕ್ಕೆ ಕರಗಿಹೋಗುತ್ತದೆ. ನಾಲ್ಕು ಇಂಚಿನ ಟೆಲಿಸ್ಕೋಪ್ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಹೊರಡುವ ಮುಂಚೆ ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ಎಚ್‌ಡಿ 86081 ಎಂದು ಹುಡುಕಿ, ಸುತ್ತಲಿನ ಒಂದೆರಡು ಡಿಗ್ರಿ ಆಕಾಶವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗಿ. ಸುತ್ತಲಿನ ಚುಕ್ಕೆಗಳ ವಿನ್ಯಾಸವೇ ಗುರುತು. ಬಿಭಾ ಆಕಾಶದ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ ಒಂದು ಡಿಗ್ರಿ ಅಗಲದ ನೋಟವನ್ನು ನಾಲ್ಕು ನಿಮಿಷದಲ್ಲಿ ದಾಟಿಬಿಡುತ್ತದೆ. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ್ದರೆ ನಡುನಡುವೆ ಸರಿಪಡಿಸುತ್ತಿರಿ.

ಹಳದಿ-ಬಿಳಿ ನಕ್ಷತ್ರ ಎಂದು ಓದಿ ಬಂದವರು ಬಣ್ಣ ಹುಡುಕುತ್ತಾರೆ. ಇಷ್ಟು ಕಡಿಮೆ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಕಾಣುವುದು ಬೂದು ಬಿಳಿಯ ಒಂದು ಚುಕ್ಕೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಣ್ಣವನ್ನು ಹೇಳುವುದು ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ.

ವರ್ಗದ ಅಕ್ಷರ ಓದುವುದು

ಬಿಭಾಗೆ ಕೊಟ್ಟ ರೋಹಿತ ವರ್ಗ ಎಫ್8, ಮುಂದೆ ರೋಮನ್ ಐದು. ನಕ್ಷತ್ರಗಳನ್ನು ಬಿಸಿಯಿಂದ ತಣ್ಣಗಿನ ಕಡೆಗೆ ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ಸಾಲು ಮಾಡುತ್ತಾರೆ. ಒಂದೊಂದು ಅಕ್ಷರದೊಳಗೂ 0ರಿಂದ 9. ಎಫ್8 ಅಂದರೆ ಎಫ್ ವರ್ಗದ ತಣ್ಣಗಿನ ತುದಿ. ಅಲ್ಲಿಂದ ನಾಲ್ಕು ಮೆಟ್ಟಿಲು ಇಳಿದರೆ ಜಿ2, ನಮ್ಮ ಸೂರ್ಯ. ರೋಮನ್ ಐದು ಎಂದರೆ ಪ್ರಧಾನ ಶ್ರೇಣಿಯ ನಕ್ಷತ್ರ: ಒಡಲಿನಲ್ಲಿ ಇನ್ನೂ ಜಲಜನಕವನ್ನೇ ಹೀಲಿಯಂ ಮಾಡುತ್ತಿದೆ, ಉಬ್ಬಿ ದೈತ್ಯನಾಗಿಲ್ಲ.

ಎಚ್‌ಡಿ ಎಂಬ ಎರಡು ಅಕ್ಷರ ಹೆನ್ರಿ ಡ್ರೇಪರ್ ಪಟ್ಟಿಯದು. 1918ರಿಂದ 1924ರವರೆಗೆ ಹಾರ್ವರ್ಡ್ ವೀಕ್ಷಣಾಲಯ ಪ್ರಕಟಿಸಿದ ಆ ಪಟ್ಟಿಯ ಎರಡು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳನ್ನು ಗಾಜಿನ ಫಲಕದ ಮೇಲಿನ ರೋಹಿತ ನೋಡಿ ವಿಂಗಡಿಸಿದವರು ಆ್ಯನಿ ಜಂಪ್ ಕ್ಯಾನನ್. ವಿಂಗಡಣೆಯ ಹಿಂದಿನ ಕಾರಣವನ್ನು ತೋರಿಸಿಕೊಟ್ಟವರು ನಮ್ಮ ಮೇಘನಾದ ಸಾಹಾ, 1920ರಲ್ಲಿ: ರೋಹಿತದ ಕಪ್ಪು ಗೆರೆಗಳು ಬೇರೆ ಬೇರೆಯಾಗಿ ಕಾಣಲು ಮುಖ್ಯ ಕಾರಣ ನಕ್ಷತ್ರಗಳ ಧಾತುಗಳು ಬೇರೆ ಎಂಬುದಲ್ಲ, ತಾಪ ಬೇರೆ ಎಂಬುದು. ಎ ವರ್ಗದಲ್ಲಿ ದಟ್ಟವಾಗಿದ್ದ ಜಲಜನಕದ ಗೆರೆಗಳು ಎಫ್ ವರ್ಗಕ್ಕೆ ಬರುವಾಗ ಸಣ್ಣಗಾಗುತ್ತವೆ, ಕ್ಯಾಲ್ಸಿಯಂನ ಎರಡು ಗೆರೆಗಳು ಬಲಿಯುತ್ತವೆ. ಬಿಭಾದಷ್ಟು ಮಂಕಾದ ನಕ್ಷತ್ರದಲ್ಲಿ ಇದನ್ನು ನಮ್ಮ ಸಣ್ಣ ಟೆಲಿಸ್ಕೋಪಿನಲ್ಲಿ ನೋಡಲಾಗದು. ಹಾಗಾಗಿ ತಾಪ ಒಂದನ್ನು ಮಾತ್ರ ಪಟ್ಟಿಯಿಂದ ಸಾಲ ತೆಗೆದುಕೊಳ್ಳೋಣ, 6000 ಕೆಲ್ವಿನ್.

ದೂರ, ಹೊಳಪು, ಗಾತ್ರ

ಗಾಯಾ ಉಪಗ್ರಹ ಅಳೆದ ಬಿಭಾದ ಪ್ಯಾರಲ್ಯಾಕ್ಸ್ ಸುಮಾರು 9.6 ಮಿಲಿ ಆರ್ಕ್‌ಸೆಕೆಂಡ್. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಹಿನ್ನೆಲೆಯ ಮೇಲೆ ಇಷ್ಟು ಆಚೀಚೆ ಅಲುಗಿದಂತೆ ಕಾಣುತ್ತದೆ. 1000ವನ್ನು ಇದರಿಂದ ಭಾಗಿಸಿದರೆ ದೂರ ಪಾರ್ಸೆಕ್‌ನಲ್ಲಿ ಸಿಗುತ್ತದೆ: 104. ಒಂದು ಪಾರ್ಸೆಕ್ 3.26 ಜ್ಯೋತಿರ್ವರ್ಷ, ಅಂದರೆ 340 ಜ್ಯೋತಿರ್ವರ್ಷ. ಪತ್ರಿಕೆಯ ಮೊದಲ ಅಂಕಿ ಸರಿಯಾಗಿದೆ.

ಈಗ ನಕ್ಷತ್ರವನ್ನು ಮನಸ್ಸಿನಲ್ಲೇ 10 ಪಾರ್ಸೆಕ್ ದೂರಕ್ಕೆ ಎಳೆದು ತನ್ನಿ. ಎಲ್ಲ ನಕ್ಷತ್ರಗಳನ್ನೂ ಒಂದೇ ದೂರದಲ್ಲಿ ನಿಲ್ಲಿಸಿ ಹೋಲಿಸುವುದು ಖಗೋಳ ವಿಜ್ಞಾನದ ಪದ್ಧತಿ. 104ನ್ನು 10ರಿಂದ ಭಾಗಿಸಿ 10.4, ಅದರ ಲಾಗ್ 1.017, ಐದರಿಂದ ಗುಣಿಸಿ 5.09. ಕಂಡ ಕಾಂತಿಮಾನ 8.73ರಿಂದ ಕಳೆದರೆ 3.64. ಇದೇ ಬಿಭಾದ ನಿಜ ಕಾಂತಿಮಾನ. 10 ಪಾರ್ಸೆಕ್‌ನಲ್ಲಿ ಇದ್ದಿದ್ದರೆ ಕೋಲಾರದ ಬಸ್ ನಿಲ್ದಾಣದಲ್ಲಿ ನಿಂತು ಬರಿಗಣ್ಣಲ್ಲಿ ನೋಡಬಹುದಿತ್ತು. ಅದು ಮಂಕಾಗಿ ಕಾಣುವುದು ದೂರದಿಂದ, ದುರ್ಬಲವಾಗಿದೆ ಎಂದಲ್ಲ. ನಮ್ಮ ಸೂರ್ಯನನ್ನು ಬಿಭಾದ ಜಾಗದಲ್ಲಿ ಇಟ್ಟರೆ ಅವನ ಕಾಂತಿಮಾನ 9.9ಕ್ಕೆ ಇಳಿಯುತ್ತದೆ, ಬೈನಾಕ್ಯುಲರಿಗೂ ಕಷ್ಟ.

ಸೂರ್ಯನ ನಿಜ ಕಾಂತಿಮಾನ 4.83. ವ್ಯತ್ಯಾಸ 1.19, ಅದನ್ನು 0.4ರಿಂದ ಗುಣಿಸಿ ಆಂಟಿಲಾಗ್ ತೆಗೆದರೆ ಸುಮಾರು 3. ಅಂದರೆ ಬಿಭಾ ಸೂರ್ಯನ ಮೂರು ಪಟ್ಟು ಹೊಳೆಯುತ್ತದೆ. ಕಣ್ಣಿಗೆ ಕಾಣದ ಅತಿನೇರಳೆ, ಅವಕೆಂಪು ಬೆಳಕನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ ಒಂದಿಷ್ಟು ತಗ್ಗಿ 2.9 ಆಗುತ್ತದೆ, ಅಷ್ಟೇ. ಪತ್ರಿಕೆ ಹೇಳಿದ್ದು 1.75.

ಇಲ್ಲಿ ತರಗತಿ ಎಚ್ಚರಗೊಳ್ಳುತ್ತದೆ. ನಮ್ಮ ಗುಣಾಕಾರ ತಪ್ಪೋ, ಅಂಕಿ ತಪ್ಪೋ? ಇನ್ನೊಂದು ದಾರಿಯಿಂದ ಬರೋಣ, ದೂರವನ್ನು ಮುಟ್ಟದೆ. ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಹೊಳಪು ತ್ರಿಜ್ಯದ ವರ್ಗಕ್ಕೂ ತಾಪದ ನಾಲ್ಕನೇ ಘಾತಕ್ಕೂ ಅನುಗುಣ. ಪತ್ರಿಕೆಯದೇ ಗಾತ್ರ 1.55, ವರ್ಗ ಮಾಡಿದರೆ 2.40. ತಾಪ 6000, ಸೂರ್ಯನದು 5772, ಅನುಪಾತದ ನಾಲ್ಕನೇ ಘಾತ 1.17. ಗುಣಿಸಿದರೆ 2.8. ಅಂದರೆ ಅದೇ ಪಟ್ಟಿಯ ಗಾತ್ರ ಮತ್ತು ತಾಪ ಸೇರಿ ಅದೇ ಪಟ್ಟಿಯ ಹೊಳಪನ್ನು ಸುಳ್ಳು ಮಾಡುತ್ತವೆ, ನಮ್ಮ ದೂರದ ಲೆಕ್ಕದ ಕಡೆಗೇ ಸಾಕ್ಷಿ ಹೇಳುತ್ತವೆ. ಹೊಳಪು 1.75 ಆಗಬೇಕಾದರೆ ತ್ರಿಜ್ಯ 1.22 ಇರಬೇಕು. ಇಲ್ಲವೇ ನಕ್ಷತ್ರ 340ರಲ್ಲಿ ಅಲ್ಲ, 260 ಜ್ಯೋತಿರ್ವರ್ಷದಲ್ಲಿ ಇರಬೇಕು. ಗಾಯಾದ ಅಳತೆ ಅಷ್ಟು ದೊಡ್ಡ ತಪ್ಪಿಗೆ ಎಡೆ ಕೊಡುವುದಿಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ದೂರವನ್ನು ನಂಬಿದ ಅಂಕಿಗಳು ಒಂದೇ ಸಾಲಿನಲ್ಲಿ ಕೂತಾಗ ಹೀಗಾಗುತ್ತದೆ. ಅಂತರಜಾಲದ ನಕ್ಷತ್ರ ಪಟ್ಟಿಗಳಲ್ಲಿ ಇದು ಅಪರೂಪವಲ್ಲ. ಆದ್ದರಿಂದ ಯಾವ ನಕ್ಷತ್ರದ ವಿವರ ಸಿಕ್ಕರೂ ಮೊದಲು ಈ ಒಂದು ಗುಣಾಕಾರ ಮಾಡಿ.

ಒಂದು ಎಚ್ಚರಿಕೆ. ತಾಪ ನಾಲ್ಕನೇ ಘಾತದಲ್ಲಿ ಕೂತಿರುವುದರಿಂದ ಅದರ ಸಣ್ಣ ತಪ್ಪೂ ದೊಡ್ಡದಾಗಿ ಹಬ್ಬುತ್ತದೆ. 100 ಕೆಲ್ವಿನ್ ಹೆಚ್ಚುಕಡಿಮೆಯಾದರೆ ತ್ರಿಜ್ಯದಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ನಮ್ಮ ಹೊಳಪಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತ್ರಿಜ್ಯ 1.57 ಬರುತ್ತದೆ, 1.55 ಅಲ್ಲ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. 1.75 ಎಲ್ಲಿ, 2.9 ಎಲ್ಲಿ ಎಂಬ ಅಂತರವೇ ಗಮನಿಸಬೇಕಾದದ್ದು.

ರಾಶಿ, ವಯಸ್ಸು

ಒಂಟಿ ನಕ್ಷತ್ರವನ್ನು ತೂಗಲು ನೇರ ದಾರಿಯಿಲ್ಲ. 1.21 ಎಂಬುದು ಕಂಪ್ಯೂಟರ್ ಮಾದರಿಗಳಿಗೆ ತಾಪ, ಹೊಳಪು, ಧಾತುಗಳ ಪ್ರಮಾಣ ಕೊಟ್ಟು ಪಡೆದ ಅಂಕಿ. ಅದನ್ನು ಒರೆಗೆ ಹಚ್ಚಲು ಒರಟಾದ ಒಂದು ಸೂತ್ರವಿದೆ: ಪ್ರಧಾನ ಶ್ರೇಣಿಯಲ್ಲಿ ಹೊಳಪು ರಾಶಿಯ ನಾಲ್ಕನೇ ಘಾತದ ಆಸುಪಾಸು. 1.21ರ ನಾಲ್ಕನೇ ಘಾತ 2.1. ಬಿಭಾ ಅದಕ್ಕಿಂತ ಚೆನ್ನಾಗಿಯೇ ಹೆಚ್ಚು ಹೊಳೆಯುತ್ತಿದೆ. ಯಾಕೆ? ಜಲಜನಕ ಕರಗಿ ಹೀಲಿಯಂ ಕೂಡಿಕೊಂಡಂತೆ ನಕ್ಷತ್ರದ ಒಡಲು ಕುಗ್ಗಿ ಬಿಸಿಯಾಗುತ್ತದೆ, ವಯಸ್ಸಾದಂತೆ ಹೊಳಪು ಏರುತ್ತದೆ. ನಮ್ಮ ಸೂರ್ಯನೂ ಹುಟ್ಟಿದಾಗ ಈಗಿನ ಶೇಕಡಾ 70ರಷ್ಟು ಮಾತ್ರ ಹೊಳೆಯುತ್ತಿದ್ದ. ಅಂದರೆ ಬಿಭಾ ಎಳೆಯ ನಕ್ಷತ್ರವಲ್ಲ, ಪ್ರಧಾನ ಶ್ರೇಣಿಯ ದಾರಿಯಲ್ಲಿ ಬಹಳ ದೂರ ಬಂದಿದೆ.

ವಯಸ್ಸಿನ ಅಂಕಿಯನ್ನು ಮಾತ್ರ ನಾನು ಸಡಿಲವಾಗಿ ಹಿಡಿಯಿರಿ ಎನ್ನುತ್ತೇನೆ. ಸೂರ್ಯನಿಗೆ ಸಾವಿರ ಕೋಟಿ ವರ್ಷ ಆಯಸ್ಸು ಎಂದುಕೊಂಡು, ರಾಶಿಯ ಎರಡೂವರೆ ಘಾತದಿಂದ ಭಾಗಿಸಿದರೆ ಬಿಭಾಗೆ 620 ಕೋಟಿ ವರ್ಷ ಬರುತ್ತದೆ. ಪತ್ರಿಕೆಯ ವಯಸ್ಸೂ 621 ಕೋಟಿ. ಅಂಕಿ ಇಷ್ಟು ಕೂಡಿ ಬಂದದ್ದು ನೋಡಿ ನಾಳೆಯೇ ಅದು ಉಬ್ಬುತ್ತದೆ ಎಂದುಕೊಳ್ಳಬೇಕಿಲ್ಲ. ಸೂತ್ರ ಒರಟು, ವಯಸ್ಸಿನ ಅಂದಾಜೂ ನೂರಾರು ಕೋಟಿ ವರ್ಷ ಆಚೀಚೆ ಆಗುವಂಥದ್ದು. ‘ಮುಪ್ಪಿನ ಕಡೆಗೆ’ ಎಂಬಷ್ಟನ್ನು ಧೈರ್ಯವಾಗಿ ಬರೆಯಬಹುದು.

ಕಾಣದ ಗ್ರಹದ ಲೆಕ್ಕ

ಸಂತಮಸವನ್ನು ಯಾರೂ ಕಂಡಿಲ್ಲ. 2006ರಲ್ಲಿ ಹವಾಯಿಯ ಕೆಕ್ ಟೆಲಿಸ್ಕೋಪಿನಿಂದ ಕಂಡದ್ದು ಗ್ರಹದ ಸೆಳೆತದಿಂದಾಗುವ ಬಿಭಾದ ಓಲಾಟ. ಕಬ್ಬಿಣದಂಥ ಭಾರ ಧಾತುಗಳು ಹೆಚ್ಚಿರುವ ನಕ್ಷತ್ರಗಳ ಬಳಿ ದೊಡ್ಡ ಗ್ರಹಗಳು ಸಿಗುವ ಸಾಧ್ಯತೆ ಹೆಚ್ಚು ಎಂದು ಅಂಥವನ್ನೇ ಆರಿಸಿ ಹುಡುಕಿದ್ದರು, ಬಿಭಾ ಅವುಗಳಲ್ಲಿ ಒಂದು. ಅದರ ರೋಹಿತದ ಗೆರೆಗಳು 2.1375 ದಿನಕ್ಕೊಮ್ಮೆ ಆಚೀಚೆ ಸರಿಯುತ್ತಿದ್ದವು, ನಕ್ಷತ್ರ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನಮ್ಮ ಕಡೆಗೂ ಆಚೆಗೂ ತೂಗುತ್ತಿತ್ತು.

ಕೆಪ್ಲರ್‌ನ ಮೂರನೇ ನಿಯಮ ಇಲ್ಲಿ ಸಾಕು. 2.1375 ದಿನವನ್ನು 365.25ರಿಂದ ಭಾಗಿಸಿ ವರ್ಷ ಮಾಡಿ, ವರ್ಗ ಮಾಡಿ, ನಕ್ಷತ್ರದ ರಾಶಿ 1.21ರಿಂದ ಗುಣಿಸಿ, ಘನಮೂಲ ತೆಗೆಯಿರಿ. 0.0346 ಖಗೋಳಮಾನ (ಒಂದು ಖಗೋಳಮಾನ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ) ಬರುತ್ತದೆ, ಅಂದರೆ 52 ಲಕ್ಷ ಕಿಲೋಮೀಟರ್. ಬುಧ ಸೂರ್ಯನಿಂದ 5.8 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಗುರುಗ್ರಹದ ಕನಿಷ್ಠ ಒಂದೂವರೆ ಪಟ್ಟು ರಾಶಿಯ ಗ್ರಹವೊಂದು ಅದರ ಹನ್ನೊಂದನೇ ಒಂದು ಭಾಗದಷ್ಟು ಹತ್ತಿರದಲ್ಲಿ ಸುತ್ತುತ್ತಿದೆ. ಕನಿಷ್ಠ ಎಂದದ್ದಕ್ಕೆ ಕಾರಣವಿದೆ: ಕಕ್ಷೆ ನಮ್ಮ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ಓಲಾಟ ಹೇಳುವುದಿಲ್ಲ.

ಬಿಭಾದ ವ್ಯಾಸ ಸೂರ್ಯನ 13.9 ಲಕ್ಷ ಕಿಲೋಮೀಟರಿನ 1.55 ಪಟ್ಟು, 21.6 ಲಕ್ಷ. 52 ಲಕ್ಷದ ದೂರದಿಂದ ನೋಡಿದರೆ ಅದು ಆಕಾಶದಲ್ಲಿ ಸುಮಾರು 24 ಡಿಗ್ರಿ ಅಗಲ ತುಂಬುತ್ತದೆ. ನಮ್ಮ ಸೂರ್ಯ ಅರ್ಧ ಡಿಗ್ರಿ. ಮಕ್ಕಳಿಗೆ ಕೈ ಪೂರ್ತಿ ಚಾಚಿ ಗೇಣು ಬಿಡಿಸಿ ಎನ್ನುತ್ತೇನೆ. ಹೆಬ್ಬೆರಳಿಂದ ಕಿರುಬೆರಳಿಗೆ ಸುಮಾರು 20 ಡಿಗ್ರಿ. ಅದಕ್ಕಿಂತಲೂ ಅಗಲದ ಸೂರ್ಯ.

ಈ ಲೆಕ್ಕದ ಹೊತ್ತಿಗೆ, ಯಾರ ನೆನಪಿಗೆ ಈ ನಕ್ಷತ್ರಕ್ಕೆ ಹೆಸರಿಟ್ಟರೋ ಆ ಭೌತವಿಜ್ಞಾನಿ ಬಿಭಾ ಚೌಧುರಿಯವರ ಕತೆ ಹೇಳುತ್ತೇನೆ, ಮೊದಲೇ ಹೇಳುವುದಿಲ್ಲ. 1913ರಲ್ಲಿ ಹುಟ್ಟಿದ ಅವರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂಎಸ್ಸಿ ಮಾಡಿ, ಡಿ. ಎಂ. ಬೋಸ್ ಅವರ ಜೊತೆ ಡಾರ್ಜಿಲಿಂಗ್, ಸಂದಕ್‌ಫುಗಳ ಎತ್ತರದಲ್ಲಿ ಫೋಟೋ ಫಲಕಗಳನ್ನು ಕಾಸ್ಮಿಕ್ ಕಿರಣಗಳಿಗೆ ಒಡ್ಡಿ ಇಟ್ಟರು. ಫಲಕದ ಮೇಲೆ ಉಳಿದ ಜಾಡು ನೋಡಿ, ಕಾಣದ ಕಣದ ರಾಶಿ ಎಲೆಕ್ಟ್ರಾನಿನ 200 ಪಟ್ಟಿನ ಆಸುಪಾಸು ಎಂದು ಅಂದಾಜಿಸಿ 1940ರ ದಶಕದ ಮೊದಲಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಯುದ್ಧದ ಕಾಲ, ಇನ್ನೂ ಸೂಕ್ಷ್ಮವಾದ ಫಲಕಗಳು ಅವರಿಗೆ ಸಿಗಲಿಲ್ಲ. ಮುಂದೆ ಸುಧಾರಿಸಿದ ಫಲಕಗಳಿಂದ ಪೈಯಾನ್ ಕಣವನ್ನು ಕಂಡ ಸೆಸಿಲ್ ಪೊವೆಲ್‌ಗೆ 1950ರ ನೊಬೆಲ್ ಬಂತು. ಬಿಭಾ ಮ್ಯಾಂಚೆಸ್ಟರಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಆಮೇಲೆ ನಮ್ಮ ಕೋಲಾರ ಚಿನ್ನದ ಗಣಿಯ ಕಾಸ್ಮಿಕ್ ಕಿರಣ ಪ್ರಯೋಗಗಳಲ್ಲಿ ಪಾಲುಗೊಂಡರು. 1991ರಲ್ಲಿ ತೀರಿಕೊಂಡಾಗ ಅವರ ಹೆಸರು ಗೊತ್ತಿದ್ದವರು ಕಡಿಮೆ. ನಮ್ಮ ತರಗತಿಯಲ್ಲಿ ಗಣಿಯಲ್ಲಿ ದುಡಿದವರ ಮೊಮ್ಮಕ್ಕಳು ಕೂತಿರುತ್ತಾರೆ. ತಾತ ಇಳಿಯುತ್ತಿದ್ದ ಗಣಿಗೂ ಆ ಚುಕ್ಕೆಗೂ ನಂಟಿದೆ ಎಂದು ಅವರಿಗೆ ತಿಳಿಯಲೇಬೇಕು.

ಲೆಕ್ಕ ಸರಿಯೇ ಎಂದು ನೋಡಲು ಇನ್ನೊಂದು ನಕ್ಷತ್ರ

ನೀವು ಮಾಡಿದ್ದು ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಅದೇ ಲೆಕ್ಕವನ್ನು ಪೈ3 ಓರಿಯಾನಿಸ್ ಮೇಲೆ ಮಾಡಿ. ಫೆಬ್ರವರಿ, ಮಾರ್ಚ್ ಸಂಜೆಗಳಲ್ಲಿ ಒರಾಯನ್ ಪುಂಜದ ಬೆಲಾಟ್ರಿಕ್ಸ್‌ನಿಂದ ಪಶ್ಚಿಮಕ್ಕೆ 9 ಡಿಗ್ರಿ ಹೋದರೆ ಬೇಟೆಗಾರನ ಗುರಾಣಿಯ ವಕ್ರಸಾಲು ಸಿಗುತ್ತದೆ, ಅದರಲ್ಲಿ ಹೆಚ್ಚು ಹೊಳೆಯುವುದು ಇದೇ. ಬರಿಗಣ್ಣಿಗೆ ಸಲೀಸು, ಕಾಂತಿಮಾನ 3.19. ವರ್ಗ ಎಫ್6, ಪ್ರಧಾನ ಶ್ರೇಣಿ. ದೂರ 8.07 ಪಾರ್ಸೆಕ್, ತಾಪ ಸುಮಾರು 6500 ಕೆಲ್ವಿನ್. ನಿಜ ಕಾಂತಿಮಾನ ತೆಗೆದರೆ 3.66, ಬಿಭಾದ 3.64ಕ್ಕೆ ತಾಗಿಯೇ ಇದೆ. ಎರಡೂ ಒಂದೇ ಪ್ರಮಾಣದ ಬೆಳಕು ಸುರಿಸುತ್ತಿವೆ. ಒಂದು ಹದಿಮೂರು ಪಟ್ಟು ಹತ್ತಿರ ಇರುವುದರಿಂದ ಕಣ್ಣಿಗೆ ಬೀಳುತ್ತದೆ, ಇನ್ನೊಂದಕ್ಕೆ ಬೈನಾಕ್ಯುಲರ್ ಬೇಕು.

ಆದರೆ ಪೈ3 ಹೆಚ್ಚು ಬಿಸಿ. ಒಂದೊಂದು ಚದರ ಮೀಟರಿನಿಂದ ಹೆಚ್ಚು ಬೆಳಕು ಬರುವುದರಿಂದ ಅಷ್ಟೇ ಹೊಳಪಿಗೆ ಚಿಕ್ಕ ಮೈ ಸಾಕು. 2.9ರ ವರ್ಗಮೂಲವನ್ನು ತಾಪದ ಅನುಪಾತದ ವರ್ಗದಿಂದ ಭಾಗಿಸಿದರೆ ತ್ರಿಜ್ಯ 1.34 ಬರುತ್ತದೆ. ಈ ನಕ್ಷತ್ರದ ಕೋನೀಯ ಅಗಲವನ್ನು ಹಲವು ಟೆಲಿಸ್ಕೋಪುಗಳ ಬೆಳಕು ಬೆರೆಸಿ ನೇರವಾಗಿಯೇ ಅಳೆದಿದ್ದಾರೆ, ಅದರಿಂದ ಸಿಕ್ಕ ತ್ರಿಜ್ಯ ಸುಮಾರು 1.32. ನಿಮ್ಮ ಉತ್ತರ 1.3ರಿಂದ 1.4ರ ಒಳಗೆ ಬಂದಿದ್ದರೆ ಬಿಭಾಗೆ ಬರೆದುಕೊಂಡ ಅಂಕಿಗಳ ಕೆಳಗೂ ಸಹಿ ಹಾಕಬಹುದು. ಬಾರದಿದ್ದರೆ ಮೊದಲು ಲಾಗ್‌ನ ಚಿಹ್ನೆ ನೋಡಿ. 8.07ನ್ನು 10ರಿಂದ ಭಾಗಿಸಿದಾಗ ಒಂದಕ್ಕಿಂತ ಕಡಿಮೆ, ಅದರ ಲಾಗ್ ಋಣ, ಹಾಗಾಗಿ ಇಲ್ಲಿ ಕಳೆಯುವ ಬದಲು ಕೂಡಬೇಕಾಗುತ್ತದೆ.